ಜೋಮು

ಜುಲೈ 19, ಅಜ್ಜಂಪುರ

...ಬಿಸಿ ಇರಬೇಕು ಅಂದರೋ, ಕುದಿಯಬೇಕು ಅಂದರೋ. ಯುದ್ಧದ ಕವಿತೆ ಬಗ್ಗೆ ಪಂಚಾಕ್ಷರಪ್ಪನವರು ಹೇಳಿದ್ದು. ಕಡೂರಿನ ಕವಿಗೋಷ್ಠಿಗೆ ಅವರೇ ಅಧ್ಯಕ್ಷರು, ಪುಸ್ತಿಕೆಗೂ ಅವರೇ ಸಂಪಾದಕರು. ಯುದ್ಧ ನೋಡಿದ್ದು ಟಿವಿಯಲ್ಲಿ.

ಸಂಜೆ ನನ್ನ ಹಳೆಯ ಶಿಷ್ಯ ಹಾಲೇಶ ಬಂದ. ಸೈನ್ಯ ಬಿಟ್ಟು ಬಂದ ಮೇಲೆ ಮೊದಲ ಸಲ ಏನೋ ಬರೆದಿದ್ದಾನೆ. ಟೀ ಲೋಟ ಎಡಗೈಯಲ್ಲೇ ಹಿಡಿದ. ಬಲಗೈಗೆ ಬಿಸಿ ತಿಳಿಯುವುದಿಲ್ಲ, ಕಾರ್ಗಿಲ್‌ನಿಂದೀಚೆಗೆ.

ಮೂರೇ ಸಾಲು:

ರಾತ್ರಿಯಿಡೀ ದೇವರಾಜನ ಕೈ ಹಿಡಿದಿದ್ದೆ.
ನನ್ನ ಕೈಗೆ ಜೋಮು.
ಅವನದು ಯಾವಾಗ ತಣ್ಣಗಾಯಿತೋ ತಿಳಿಯಲಿಲ್ಲ.

"ಇದ್ರಲ್ಲಿ ಅಳು ಬರಲ್ವಲ್ಲ ಸಾ?"

"ನಿನಗೆ ಬಂದಿತ್ತಾ, ಆವತ್ತು?"

"ಇಲ್ಲ. ಹೊಟ್ಟೆ ಹಸೀತಿತ್ತು."

ಒಂದಕ್ಷರ ಮುಟ್ಟಬೇಡ, ಹಾಗೇ ಪುಸ್ತಿಕೆಗೆ ಕಳಿಸು ಎಂದೆ.

ಕಾರ್ಗಿಲ್‌ನಲ್ಲಿ ಇವನ ಪಕ್ಕದಲ್ಲೇ ಸತ್ತ ದೇವರಾಜನ ತಾಯಿಗೆ ಗೋಷ್ಠಿಯಲ್ಲಿ ಸನ್ಮಾನ. ಮಾರಮ್ಮ, ಪಂಚನಹಳ್ಳಿಯವರು. ಇಷ್ಟು ವರ್ಷ ಅವರೆದುರು ಬಾಯಿ ಬಿಟ್ಟಿಲ್ಲ ಇವನು. ಅವರಿಗೆ ಕೇಳಿಸಲೆಂದೇ ಬರೆದದ್ದು.

ಜುಲೈ 26, ಸಂಜೆ, ಕಡೂರು ಸ್ಟೇಷನ್

ರೈಲು ಲೇಟು.

ಹಾಲೇಶ ಮೈಕ್ ಮುಂದೆ ನಿಂತ. ದನಿ ಹೊರಡಲಿಲ್ಲ. ಪಂಚಾಕ್ಷರಪ್ಪ ಎದ್ದು ಪುಸ್ತಿಕೆ ಬಿಡಿಸಿ ತಾನೇ ಓದಿದ, ತೋಳೆತ್ತಿ — "ನನ್ನ ಕೈಗೆ ಜೋಶು! ಅವನದು ಯಾವಾಗ ತಣ್ಣಗಾಯಿತೋ ತಿಳಿಯಲಿಲ್ಲ!"

ಚಪ್ಪಾಳೆ. ಶಿಳ್ಳೆ. ಘೋಷಣೆ.

ಮುಂದಿನ ಸಾಲಿನಲ್ಲಿ ಮಾರಮ್ಮ, ಮಡಿಲಲ್ಲಿ ಶಾಲು. ಗದ್ದಲ ಇಳಿಯುವವರೆಗೆ ಕಾದು ಹಾಲೇಶನ ಕಡೆ ತಿರುಗಿದರು.

"ನನ್ ಮಗ ಸಾಯ್ತಿದ್ದಾಗ ನಿಂಗೆ ಜೋಶ್ ಬಂದಿತ್ತೇನಪ್ಪಾ?"

ಅಷ್ಟೇ. ಶಾಲು ಕುರ್ಚಿಯ ಮೇಲಿಟ್ಟು ನಡೆದುಬಿಟ್ಟರು. ಹಾಲೇಶ ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡು ನಿಂತೇ ಇದ್ದ.

ಪಂಚಾಕ್ಷರಪ್ಪನನ್ನು ಬಾಗಿಲಲ್ಲಿ ಹಿಡಿದೆ.

"ಅದು ಜೋಮು ಅಂತಿತ್ತು."

"ತಪ್ಪು ಬರೆದಿದ್ದ ಕಣ್ರೀ, ನಾನೇ ತಿದ್ದಿದೆ. ಸೈನಿಕನ ಕೈಗೆ ಜೋಮು ಹಿಡಿಯುತ್ತೇನ್ರೀ? ಬಸ್ಸಲ್ಲಿ ಕೂತೋರಿಗೆ ಹಿಡಿಯೋದು ಅದು."

"ಆ ತಾಯಿ ಕೇಳಿದ್ದು?"

"ಭಾವುಕರಾದ್ರು, ಪಾಪ. ಅದೇ ಕಣ್ರೀ ಕವಿತೆಯ ಶಕ್ತಿ."

ಶಕ್ತಿಯಂತೆ. ಸತ್ತವನ ಫೋಟೋಗೆ ಹಾರ, ಬದುಕಿ ಬಂದವನ ಬಾಯಿಗೆ ಘೋಷಣೆ. ಮರಗಟ್ಟಿದ ಕೈಯನ್ನು ಮರಗಟ್ಟಿದ್ದು ಅನ್ನಲೂ ಬಿಡರು. ಕುದಿಯಬೇಕಂತೆ... ಇವರ ಸಾರು ಕುದಿಯಲಿ.

ಜುಲೈ 28

ಪಂಚನಹಳ್ಳಿಗೆ ಹೋಗಿ ಮಾರಮ್ಮನಿಗೆ ಹೇಳೋಣ ಎಂದೆ, ಹಾಲೇಶನಿಗೆ.

"ಏನಂತ ಸಾ? ಅಚ್ಚಾಗ್ಬಿಟ್ಟೈತೆ. ಕೆಳಗೆ ನನ್ ಹೆಸ್ರೈತೆ."

ಕುದಿಯುವ ಟೀ. ಲೋಟ ಬಲಗೈಯಲ್ಲಿ ಹಿಡಿದಿದ್ದ, ಬಿಗಿಯಾಗಿ. ನಾನೇ ಕಿತ್ತುಕೊಂಡೆ. ಅಂಗೈ ಕೆಂಪು. ಮುಖದಲ್ಲಿ ಏನೂ ಇಲ್ಲ.

ಆಗಸ್ಟ್ 9, ಪಂಚನಹಳ್ಳಿ, ಬಸ್ ಸ್ಟ್ಯಾಂಡ್

ಅವನು ಬರಲಿಲ್ಲ. ಒಬ್ಬನೇ ಬಂದೆ.

ಮಾರಮ್ಮ ಜಗಲಿಯಲ್ಲಿ ಕಾಲು ಮಡಚಿ ಕೂತಿದ್ದರು. ಜೋಶು ಅಲ್ಲಮ್ಮ, ಜೋಮು ಎಂದೆ. ಮೂರು ಸಾಲನ್ನೂ ಹೇಳಿದೆ, ಅವನು ಬರೆದ ಹಾಗೆ. ಏಳಲು ಹೋದವರು ಗೋಡೆ ಹಿಡಿದರು.

"ತಡೀರಿ ಮೇಷ್ಟ್ರೇ, ಕಾಲು ಜೋಮು ಹಿಡ್ಕಂತು..."

ಅಂದವರೇ ನನ್ನ ಮುಖ ನೋಡಿದರು.

"ಹಂಗಾದ್ರೆ ಕೈ ಬಿಡ್ಲೇ ಇಲ್ವಾ ಅವ್ನು?"

"ಇಲ್ಲ."

"ನೀವು ಹೇಳ್ಬೇಡಿ. ಅವನ್ನ ಕಳ್ಸಿ. ಅವನ ಬಾಯಲ್ಲೇ ಕೇಳ್ತೀನಿ."

ಆಗಿನಿಂದ ಫೋನ್ ಮಾಡುತ್ತಿದ್ದೇನೆ. ರಿಂಗ್ ಆಗುತ್ತದೆ, ಎತ್ತುತ್ತಿಲ್ಲ. ಬಸ್ ಬಂತು.

ಹಾಲೇಶ, ಆಕೆ ಕಾಯುತ್ತಿದ್ದಾರೆ. ಲೋಟ ಈಗ ಯಾವ ಕೈಯಲ್ಲಿ ಹಿಡಿದಿದ್ದೀಯೋ?