ಜೋಡಿಯ ಸಾಲು

ಮುದ್ರಣಾಲಯದ ಹಿಂದಿನ ಕೋಣೆ,
ಬುಧವಾರ, ಮಾರ್ಚ್ ಹನ್ನೆರಡು, ಮಧ್ಯಾಹ್ನದ ಬಿಡುವು

ಮುನಿಸಿಕೊಂಡು ಕೂತಿರುವ ನನ್ನ ತಮ್ಮನಿಗೆ, ಅಕ್ಕನ ಪ್ರೀತಿಯ ಆಶೀರ್ವಾದಗಳು.

ಮೊದಲು ನಿನ್ನ ಮಂಡಿಯ ಸಮಾಚಾರ ಬರೆ. ಹೋದ ಸಲ ನಮ್ಮ ಮನೆಯ ಮಹಡಿ ಹತ್ತಿ ಬರುವಾಗ ಕಟಕಟ ಅಂದದ್ದು ಮೆಟ್ಟಿಲೋ ನೀನೋ ಎಂದು ನಿನ್ನ ಭಾವ ಇನ್ನೂ ಕೇಳುತ್ತಿದ್ದಾರೆ. ಊರವರು ಮೆಟ್ಟಿಲು ಹತ್ತದಿರಲಿ ಎಂದು ಲಿಫ್ಟ್ ರಿಪೇರಿ ಮಾಡುವವನಿಗೇ ಮಂಡಿ ನೋವು ಬಂದರೆ ಯಾರಿಗೆ ಹೇಳಿಕೊಳ್ಳುವುದು? ಲಿಫ್ಟಿನ ಗುಂಡಿಗೆ ಒಂದು ಸಲ ಇಳಿದು ನೋಡಿದ ಮೇಲೆ ಮತ್ತೆರಡು ಸಲ ಇಳಿದು ನೋಡುವುದನ್ನು ಬಿಡು. ಜೊತೆಯವರು ನಿನ್ನನ್ನು 'ಮೂರು ಸಲ' ಎಂದೇ ಕರೆಯುತ್ತಾರೆ ಎಂದು ನೀನು ನಗುತ್ತ ಹೇಳಿದ್ದೆ. ನನಗೆ ನಗು ಬಂದಿರಲಿಲ್ಲ. ರಕ್ತದೊತ್ತಡದ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಇಲ್ಲಿ ನಾವು ಸುಖವಾಗಿದ್ದೇವೆ. ನನ್ನ ಕನ್ನಡಕದ ನಂಬರು ಇನ್ನೊಂದು ಮೆಟ್ಟಿಲು ಏರಿದೆ, ಕರಡು ತಿದ್ದುವವಳಿಗೆ ಅದು ಬಡ್ತಿ ಇದ್ದ ಹಾಗೆ.

ಈ ತಿಂಗಳಲ್ಲಿ ಹನ್ನೊಂದು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಕಾಗದ. ನೀನು ಫೋನ್ ಎತ್ತದೆ ಇರಬಲ್ಲೆ, ಆದರೆ ಅಂಟಿಸಿದ ಲಕೋಟೆಯನ್ನು ಒಡೆಯದೆ ಇರಲಾರೆ. ಗಡಿಯಾರ ರಿಪೇರಿಯವನ ಮಗ ನೀನು, ಮುಚ್ಚಿದ್ದನ್ನು ಬಿಚ್ಚಿ ನೋಡದಿದ್ದರೆ ಊಟ ಸೇರುವುದಿಲ್ಲ. ಹೋದ ಸಲ ಬಂದಾಗ ನೀನು ಮುಟ್ಟದೆ ಎದ್ದು ಹೋದ ಚಹಾ ಕೆನೆಗಟ್ಟುವ ತನಕ ನಾನು ಅದರ ಎದುರಿಗೇ ಕೂತಿದ್ದೆ. ಐವತ್ತನಾಲ್ಕು ವರ್ಷದಲ್ಲಿ ನೀನು ನನ್ನ ಕೈಯ ಚಹಾ ಬಿಟ್ಟು ಹೋದದ್ದು ಅದೊಂದೇ ಸಲ. ನೀನು ಕೇಳಿದ್ದು ಒಂದು ಸಹಿ. ನಾನು ಕೊಡುವುದಿಲ್ಲ ಎಂದೆ. ಈಗ ಆ ಸಹಿಗೆ ಉಳಿದಿರುವುದು ಎರಡೇ ದಿನ. ಶುಕ್ರವಾರ ನಾಲ್ಕು ಗಂಟೆಗೆ ಕಂಪನಿಯ ಹುಡುಗಿ ಮತ್ತೆ ಬರುತ್ತಾಳೆ. ನಮ್ಮಿಬ್ಬರ ಸಹಿಯೂ ಇದ್ದರೆ ನಾವಿಬ್ಬರೂ ಸೇರಿ ಮಾಡಿದ ಕಂಪ್ಯೂಟರ್ ಆಟ, ನಮ್ಮ 'ದೂರದ ಕಾವಲು', ಹೊಸದಾಗಿ ತಯಾರಾಗುತ್ತದೆ. ಒಂದೇ ಇದ್ದರೆ ಅವರು ಆ ಕಡತ ಮುಚ್ಚಿ ಬೇರೆ ಯಾವುದೋ ಆಟ ಹಿಡಿಯುತ್ತಾರೆ. ನಿನ್ನದು ಬಂದು ಸೇರಿದೆಯಂತೆ. ಮೂರೂ ಪ್ರತಿಯಲ್ಲಿ, ಪ್ರತಿ ಪುಟದಲ್ಲೂ. ಕೇಳಿದ್ದು ಕೊನೆಯ ಪುಟದಲ್ಲಿ ಮಾತ್ರವಂತೆ, ಹುಡುಗಿ ಹೇಳಿದಳು.

ನನ್ನ ಕಾರಣಗಳನ್ನು ಅವತ್ತೂ ಹೇಳಿದ್ದೆ, ಸಿಟ್ಟಿನಲ್ಲಿ ನಿನಗೆ ಕೇಳಿಸಿತೋ ಇಲ್ಲವೋ. ಅಪ್ಪನ ಅಂಗಡಿಯ ಮೇಲಿನ ಆ ಇಕ್ಕಟ್ಟು ಕೋಣೆ ನೆನಪು ಮಾಡಿಕೋ. ಒಂದು ಮೇಜು, ಒಂದೂವರೆ ಕುರ್ಚಿ, ಕೆಳಗಿನಿಂದ ನಲವತ್ತು ಗಡಿಯಾರಗಳ ಸದ್ದು. ನಾನು ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿಸಿ ನೌಕೆ ಬಿಡಿಸುತ್ತಿದ್ದೆ, ನೀನು ಅದನ್ನು ಹಾರಿಸುತ್ತಿದ್ದೆ. ಶತ್ರುವಿನ ನೌಕೆ ಅಂದರೆ ಎಷ್ಟು? ಇಪ್ಪತ್ತೆರಡು ಚುಕ್ಕಿ. ಆ ಇಪ್ಪತ್ತೆರಡು ಚುಕ್ಕಿ ಪರದೆಯ ಮೂಲೆಯಲ್ಲಿ ಕಂಡರೆ ದೊಡ್ಡವರ ಕೈಯೂ ಬೆವರುತ್ತಿತ್ತು. ಉಳಿದದ್ದನ್ನೆಲ್ಲ ಆಡುವವನ ಮನಸ್ಸೇ ಕಟ್ಟಿಕೊಳ್ಳುತ್ತಿತ್ತಲ್ಲ. ಹೊಸದರಲ್ಲಿ ನೌಕೆಯ ತಿರುಪುಮೊಳೆಯೂ ಕಾಣುತ್ತದಂತೆ, ಗಾಜಿನ ಮೇಲಿನ ಗೀರೂ ಕಾಣುತ್ತದಂತೆ. ಎಲ್ಲ ಕಂಡ ಮೇಲೆ ಹೆದರುವುದಕ್ಕೆ ಏನು ಉಳಿಯಿತು? ಆ ಆಟ ಬಾಲ್ಯದಲ್ಲಿ ಆಡಿದವರ ತಲೆಯಲ್ಲಿ ಈಗಾಗಲೇ ನಮ್ಮಿಂದಾಗದಷ್ಟು ಚೆನ್ನಾಗಿದೆ, ಅಲ್ಲೇ ಇರಲಿ ಬಿಡು. ನಿನ್ನ ಭಾವನನ್ನು ಕೇಳಿದರೆ ನೀನು ಹೇಳಿದ್ದೂ ಸರಿ, ನಾನು ಹೇಳಿದ್ದೂ ಸರಿಯಂತೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ನೀನು ಹೇಳಿದ್ದನ್ನೂ ನಾನು ಮರೆತಿಲ್ಲ. ಹಳೆಯ ಡಿಸ್ಕುಗಳಿಗೆ ಬೂಸ್ಟು ಹಿಡಿಯುತ್ತಿದೆ, ಅವನ್ನು ಓದುವ ಯಂತ್ರಗಳು ಗುಜರಿ ಸೇರಿವೆ, ಇನ್ನು ಹತ್ತು ವರ್ಷ ಕಳೆದರೆ ನಾವು ಮಾಡಿದ್ದಕ್ಕೆ ಸಾಕ್ಷಿಯೇ ಇರುವುದಿಲ್ಲ ಎಂದೆ ನೀನು. ನಾನೂ ಒಪ್ಪಿದೆ. ಆದರೆ ನಿನಗೆ ಬೇಕಾದದ್ದು ಅದಲ್ಲ ಎಂದು ನನಗೆ ಗೊತ್ತಿತ್ತು, ನೀನು ಬಾಗಿಲ ಹತ್ತಿರ ನಿಂತು, ಆಟದ ಕೊನೆಯ ಕಾಳಗದ ಮಾತು ತೆಗೆದು, ಅದನ್ನೂ ಹೇಳಿದೆ. "ಜೋಡಿ ಕಾಪಾಡೋಕೆ ಬರ್ತಿದ್ದ ಅಕ್ಕಾ. ನನ್ನ ಬೆರಳು ಜಾರಿ ಅವನು ದ್ರೋಹಿ ಆಗಿಬಿಟ್ಟ. ಒಂದ್ಸಲ ಅದನ್ನ ಸರಿ ಮಾಡ್ಬೇಕು, ಅಷ್ಟೇ." ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡೆ. ನಾನು ಬಾಗಿಲ ಚಿಲಕ ಹಿಡಿದುಕೊಂಡೇ ನಿಂತಿದ್ದೆ.

ಮೂವತ್ತೊಂದು ವರ್ಷದ ಹಿಂದಿನ ಆ ಬೆಳಿಗ್ಗೆ ನನಗೆ ನಿನ್ನೆ ನಡೆದಂತಿದೆ. ಆಟದ ಡಿಸ್ಕು ಪ್ರತಿ ಮಾಡಿ ಮಾರುವವರಿಗೆ ಹನ್ನೊಂದರ ಬಸ್ಸಿಗೆ ಹೋಗಬೇಕಿತ್ತು. ಒಂಬತ್ತೂವರೆಗೆ ನನಗೆ ಹೊಸ ಯೋಚನೆ ಹೊಳೆಯಿತು. ಕೊನೆಯ ಕಾಳಗದಲ್ಲಿ ಆಟಗಾರನ ಜೊತೆಗಾರ ನೌಕೆ, ನಮ್ಮ ಜೋಡಿ, ಮೊದಲಿನಿಂದಲೇ ಪಕ್ಕದಲ್ಲಿ ಇರುವುದು ಬೇಡ. ಆಟಗಾರ ಒಂಟಿ ಎಂದುಕೊಳ್ಳಲಿ, ಸಾವು ಖಚಿತ ಎಂದುಕೊಳ್ಳಲಿ, ಒಂಬತ್ತನೇ ನಿಮಿಷಕ್ಕೆ ಜೋಡಿ ಬಂದು ಕಾಪಾಡಲಿ. ನನ್ನ ಪುಸ್ತಕದಲ್ಲಿ ನೌಕೆಗೊಂದು ಸಾಲು ಇತ್ತಲ್ಲ, ಹೆಸರು, ಬರುವ ದಿಕ್ಕು, ಬರುವ ನಿಮಿಷ, ಕೊನೆಯ ಕಾಲಂನಲ್ಲಿ ಪಕ್ಷ. ನಮ್ಮವರಾದರೆ ಒಂದು, ಶತ್ರುವಾದರೆ ಎರಡು. ಜೋಡಿಯ ಸಾಲನ್ನು ಮೇಲಿನಿಂದ ತೆಗೆದು ಕೆಳಗೆ ಬರೆದುಕೊಟ್ಟೆ. ನೀನು ನೋಡಿ ನೋಡಿ ಟೈಪ್ ಮಾಡಿದೆ. ಮೊದಲ ಎರಡು ನಿಮಿಷ ಓಡಿಸಿ ನೋಡಿದೆವು, ಸರಿಯಾಗಿತ್ತು. ಒಂಬತ್ತನೇ ನಿಮಿಷದ ತನಕ ಕಾಯಲು ಬಸ್ಸು ಬಿಡಲಿಲ್ಲ.

ಮೂರು ವಾರಕ್ಕೆ ಮೊದಲ ಕಾಗದ ಬಂತು. ಜೋಡಿ ಬಂದ, ನಮ್ಮನ್ನೇ ಸುಟ್ಟ ಎಂದು. ಅವತ್ತು ಸಂಜೆ ನೀನು ನನ್ನ ಪುಸ್ತಕ ಕೇಳಿದೆ, ನಾನು ಮನೆಯಲ್ಲಿದೆ ಎಂದು ಮಾರನೆಯ ದಿನ ತಂದುಕೊಟ್ಟೆ. ಜೋಡಿಯ ಎದುರಿಗೆ ಒಂದು ಎಂದೇ ಇತ್ತು. ಡಿಸ್ಕಿನಲ್ಲಿ ಎರಡು. ನೀನು ಪುಸ್ತಕ ಮುಚ್ಚಿ ಕೆಳಗಿಳಿದು ಹೋಗಿ, ಗಿರಾಕಿಗಳ ಎದುರಿಗೇ ಅಪ್ಪನಿಗೆ ಹೇಳಿದೆ, ತಪ್ಪು ನನ್ನದೇ ಎಂದು. ಅಪ್ಪ ಕಣ್ಣಿನ ಭೂತಗಾಜನ್ನೂ ತೆಗೆಯಲಿಲ್ಲ. "ಮುಚ್ಚಳ ಹಾಕೋ ಮುಂಚೆ ಕಿವಿಗೆ ಹಿಡಿದು ಕೇಳದೇ ಇರೋನು ಈ ಕೆಲಸಕ್ಕೆ ಬರಬಾರದು" ಎಂದರು. ಅವರಿಗೆ ಅದು ನೂರು ಸಲ ಆಡಿದ ಮಾತು, ನಿನಗೆ ಅದು ತೀರ್ಪಾಯಿತು. ಮುಂದಿನ ತಿಂಗಳೇ ಲಿಫ್ಟ್ ಕೆಲಸಕ್ಕೆ ಸೇರಿದೆ. ಆಮೇಲೆ ಕಂಪ್ಯೂಟರ್ ಮುಟ್ಟಲೇ ಇಲ್ಲ. ಅಷ್ಟು ಚೆನ್ನಾಗಿ ಯೋಚಿಸುವ ತಲೆಯನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ, ಇದು ಅಕ್ಕನ ಪಕ್ಷಪಾತ ಅಲ್ಲ.

ತಮಾಷೆ ಏನೆಂದರೆ ಜನ ಆ ದ್ರೋಹವನ್ನೇ ಮೆಚ್ಚಿದರು. ಅಂಥ ಕೊನೆ ಯಾವ ಆಟದಲ್ಲೂ ಇಲ್ಲವೆಂದು ಬರೆದರು. ಪತ್ರಿಕೆಯವರು ಬಂದು ಈ ಕಲ್ಪನೆ ಹೇಗೆ ಹೊಳೆಯಿತು ಎಂದು ನನ್ನನ್ನು ಕೇಳಿದಾಗ, ಪೆಟ್ಟು ಯಾವಾಗಲೂ ಹತ್ತಿರದವರಿಂದಲೇ ಬೀಳುತ್ತದೆ, ಅದನ್ನು ತೋರಿಸಬೇಕಿತ್ತು ಎಂದುಬಿಟ್ಟೆ. ಪಕ್ಕದಲ್ಲಿ ನನ್ನ ಫೋಟೋ ಬೇರೆ. ಆ ಪುಟವನ್ನು ನೀನು ಕತ್ತರಿಸಿ ಇವತ್ತಿಗೂ ಸಲಕರಣೆ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದೀಯ. 'ನನ್ನ ತಪ್ಪನ್ನು ಕಥೆ ಮಾಡಿ ಮಾನ ಉಳಿಸಿದವಳು ಅಕ್ಕ' ಎಂದು ನೀನು ನಿನ್ನ ಮಗಳ ಮದುವೆಯಲ್ಲಿ ಎಲ್ಲರೆದುರು ಹೇಳಿದೆ. ಅವತ್ತು ನಾನು ಊಟ ಮಾಡದೆ ಎದ್ದದ್ದಕ್ಕೆ ಹೊಟ್ಟೆನೋವು ಎಂದಿದ್ದೆ.

ಈಗ ಸೋಮವಾರದ ಸಂಗತಿ. ಕಂಪನಿಯ ಹುಡುಗಿ ಮನೆಗೆ ಬಂದಳು. ಒಳ್ಳೆಯವಳೇ, ಸೋಫಾದ ಅಂಚಿನಲ್ಲಿ ಕೂತು ಮಾತಾಡುತ್ತಾಳೆ. ಎಂಟು ವರ್ಷದವಳಿದ್ದಾಗ ಅತ್ತೆಯ ಮನೆಯಲ್ಲಿ ಈ ಆಟ ಆಡಿ, ಜೋಡಿ ಸುಟ್ಟ ದಿನ ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳಂತೆ, ಈ ಕೆಲಸಕ್ಕೆ ಬಂದದ್ದೇ ಅದರಿಂದಂತೆ. ಅವಳ ಕಂಪನಿಯಲ್ಲಿ ಎರಡು ಪಂಗಡವಾಗಿದೆ. ಅರ್ಧ ಜನಕ್ಕೆ ದ್ರೋಹ ಹಾಗೇ ಇರಬೇಕು, ಇನ್ನರ್ಧಕ್ಕೆ ಜೋಡಿ ಕಾಪಾಡಬೇಕು. ಮಾಡಿದವರು ಏನು ಅಂದುಕೊಂಡಿದ್ದರೋ ಅದನ್ನೇ ಮಾಡೋಣ ಎಂದು ಅವಳ ಹಟ. ಅದಕ್ಕೆ ನನ್ನ ಪುಸ್ತಕ ಬೇಕು. ಅದರ ಪುಟಗಳನ್ನು ಆಟದ ಜೊತೆಗೆ ಅಚ್ಚು ಹಾಕಿಸಿ ಕೊಡುತ್ತಾರಂತೆ, ಎಲ್ಲರೂ ನೋಡಲಿ ಎಂದು.

ಪುಸ್ತಕ ತೆಗೆದುಕೊಟ್ಟೆ. ಅವಳು ಪುಟ ತಿರುವಿ ತಿರುವಿ ನಲವತ್ತೊಂದಕ್ಕೆ ಬಂದು ನಿಂತಳು. ಪುಸ್ತಕದಲ್ಲಿ ಒಂದು, ಡಿಸ್ಕಿನಲ್ಲಿ ಎರಡು, ಹೇಗೆ ಮೇಡಂ ಎಂದಳು. ಕೊನೆ ಗಳಿಗೆಯಲ್ಲಿ ಬಾಯಿಮಾತಿನಲ್ಲಿ ಬದಲಾಯಿಸಿದೆವು ಎಂದೆ. ಅವಳು ಪುಸ್ತಕವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಆ ಹಾಳೆಯನ್ನು ಬೆಳಕಿಗೆ ಹಿಡಿದಳು. ಎಷ್ಟು ಹೊತ್ತು ಹಿಡಿದಿದ್ದಳೋ. ಕುಕ್ಕರ್ ಕೂಗಿದ್ದು ನನಗೆ ಕೇಳಿಸಲೇ ಇಲ್ಲ. "ಇಲ್ಲಿ ರಬ್ಬರ್ ಹಾಕಿದೀರಲ್ವಾ ಮೇಡಂ" ಎಂದಳು. ಪುಸ್ತಕದ ತುಂಬ ಹಾಕಿದ್ದೇನೆ ಎಂದೆ. ಆಮೇಲೆ ನಾನೇ ಪೆನ್ಸಿಲ್ ಸರಿಯಿರಲಿಲ್ಲ, ಕೈ ನಡುಗುತ್ತಿತ್ತು, ಚಳಿಗಾಲ ಎಂದು ಕೇಳದ್ದನ್ನೆಲ್ಲ ಹೇಳಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶುಕ್ರವಾರ ಬರುತ್ತೇನೆ, ಅಷ್ಟರಲ್ಲಿ ಏನಾದರೂ ನೆನಪಾದರೆ ಹೇಳಿ ಎಂದು ಪುಸ್ತಕವನ್ನು ನನ್ನ ತೊಡೆಯ ಮೇಲೆ ಇಟ್ಟು ಹೋದಳು.

ಆ ಪುಸ್ತಕ ಈಗ ಇಲ್ಲೇ, ಈ ಮೇಜಿನ ಮೇಲೆ, ಕರಡುಗಳ ಕೆಳಗಿದೆ. ಪಕ್ಕದ ಕೋಣೆಯಲ್ಲಿ ಕಾಗದ ಕತ್ತರಿಸುವ ಯಂತ್ರ ಓಡುತ್ತಿದೆ. ಬೆಳಿಗ್ಗೆಯಿಂದ ಒಂದು ಪುಟವನ್ನೂ ನೆಟ್ಟಗೆ ತಿದ್ದಿಲ್ಲ. ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ ತಮ್ಮಾ. ಹುಡುಗಿಗೆ ಬೇಡ ಎಂದೇ ಹೇಳಿಬಿಡುತ್ತೇನೆ. ಹಳೆಯದು ಹಳೆಯದಾಗಿಯೇ ಇರಲಿ. ನಿನಗೆ ನನ್ನ ಮೇಲೆ ಇರುವ ಸಿಟ್ಟು ಒಂದು ವರ್ಷವೋ ಎರಡು ವರ್ಷವೋ ಇದ್ದೀತು, ಆಮೇಲೆ ಬಂದು ಚಹಾ ಕೇಳುತ್ತೀಯ. ನನಗೆ ಬೇರೆ ತಮ್ಮ ಇಲ್ಲ, ನಿನಗೆ ಬೇರೆ ಅಕ್ಕ ಇಲ್ಲ.

ನಿನ್ನ ಹೆಂಡತಿಗೆ, ಮಗಳಿಗೆ, ಅಳಿಯನಿಗೆ ನಮ್ಮಿಬ್ಬರ ಆಶೀರ್ವಾದ. ಮಂಡಿಗೆ ಬಿಸಿ ಕಾವು ಕೊಡು. ನೂರು ಕಾಲ ಚೆನ್ನಾಗಿರು.

ನಿನ್ನ,
ಅಕ್ಕ

ಮರೆತ ಮಾತು: ಅಂಚೆ ಕಚೇರಿಯ ಸಾಲಿನಲ್ಲಿ ನಿಂತು, ಪುಸ್ತಕವನ್ನೇ ಹಲಗೆ ಮಾಡಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನನ್ನ ಮುಂದೆ ಮೂರು ಜನ ಇದ್ದಾರೆ. ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ನಿಜವನ್ನು ಬಿಟ್ಟು ಬರೆದಿದ್ದೇನೆ. ನಿನ್ನ ಬೆರಳು ಜಾರಲಿಲ್ಲ. ಮೇಲಿನ ಸಾಲಿನ ಅಂಕಿಯೇ ಮತ್ತೆ ಬರುವುದಿದ್ದರೆ ನಾನು ಅದನ್ನು ಬರೆಯದೆ, ಮೇಲಿನಂತೆ ಎಂದು ಎರಡು ಗೀಟು ಎಳೆಯುತ್ತಿದ್ದೆನಲ್ಲ. ಜೋಡಿಯ ಸಾಲು ಮೊದಲು ಆಟಗಾರನ ಸಾಲಿನ ಕೆಳಗಿತ್ತು, ಆಗ ಗೀಟು ಅಂದರೆ ಒಂದು. ಅವತ್ತು ಬೆಳಿಗ್ಗೆ ಆ ಸಾಲನ್ನು ಶತ್ರುಗಳ ಕೆಳಗೆ ಇಳಿಸಿದಾಗ ಗೀಟುಗಳನ್ನೂ ಹಾಗೇ ಇಳಿಸಿದೆ. ಅಲ್ಲಿ ಗೀಟು ಅಂದರೆ ಎರಡು. ನಾನು ಬರೆದದ್ದನ್ನೇ ನೀನು ಟೈಪ್ ಮಾಡಿದೆ. ನೀನು ಪುಸ್ತಕ ಕೇಳಿದ ಸಂಜೆ ಅದು ಮನೆಯಲ್ಲಿರಲಿಲ್ಲ, ನನ್ನ ಚೀಲದಲ್ಲೇ ಇತ್ತು. ಮನೆಗೆ ಹೋಗಿ ಗೀಟು ಅಳಿಸಿ ಒಂದು ಎಂದು ಬರೆದೆ. ಒಂದು ದಿನದ ಮಟ್ಟಿಗೆ, ಅಪ್ಪನ ಸಿಟ್ಟು ಇಳಿಯುವ ತನಕ ಎಂದುಕೊಂಡೆ. ನೀನು ನೇರ ಕೆಳಗಿಳಿದು ಹೋಗಿ ಒಪ್ಪಿಕೊಳ್ಳುತ್ತೀಯ ಎಂದು ನನಗೇನು ಗೊತ್ತು. ಆಮೇಲೆ ಮೂವತ್ತೊಂದು ವರ್ಷ ಬಾಯಿ ಬರಲಿಲ್ಲ. ನಿನ್ನ ಪಕ್ಕದಲ್ಲಿದ್ದುಕೊಂಡೇ ನಿನ್ನನ್ನು ಹೊಡೆದವಳು ನಾನು. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ.

ಪುಸ್ತಕ ಹಿಡಿದುಕೊಂಡು ಕತ್ತರಿಸುವ ಯಂತ್ರದ ತನಕ ಹೋಗಿದ್ದೆ. ಅದರ ಹುಡುಗ ಊಟಕ್ಕೆ ಹೋಗಿದ್ದರೆ ಏನಾಗುತ್ತಿತ್ತೋ, ಇದ್ದ, ಏನು ಬೇಕಮ್ಮಾ ಎಂದ, ವಾಪಸು ಬಂದೆ. ಸಹಿ ಹಾಕಿದ್ದೇನೆ, ಮೂರೂ ಪ್ರತಿಗೆ, ನಿನ್ನಂತೆ ಪ್ರತಿ ಪುಟಕ್ಕೆ. ಪತ್ರಗಳೂ ಪುಸ್ತಕವೂ ಈ ಕಾಗದವೂ ಒಂದೇ ಕಟ್ಟಿನಲ್ಲಿ ನಾಳೆ ನಿನ್ನ ಕೈ ಸೇರುತ್ತವೆ. ಕಂಪನಿಗೆ ಕೊಡುವುದೂ ಬಿಡುವುದೂ, ಜೋಡಿ ಸುಡಬೇಕೋ ಕಾಪಾಡಬೇಕೋ, ಎಲ್ಲ ಇನ್ನು ನಿನ್ನ ಮಾತು. ಶುಕ್ರವಾರ ಹುಡುಗಿಗೆ ನಾನೇ ಎಲ್ಲ ಹೇಳುತ್ತೇನೆ, ನೀನು ಬಂದರೂ ಸರಿ, ಬರದಿದ್ದರೂ ಸರಿ. ಒಬ್ಬರೇ ಉಳಿದಿದ್ದಾರೆ ಮುಂದೆ. ಪುಟ ನಲವತ್ತೊಂದು, ಕೆಳಗಿನಿಂದ ಎರಡನೇ ಸಾಲು, ಕೊನೆಯ ಕಾಲಂ. ಹಾಳೆಯನ್ನು ಕಿಟಕಿಗೆ ಹಿಡಿ. ಒಂದು ಎಂಬ ಅಂಕಿಯ ಅಡಿಯಲ್ಲಿ ಎರಡು ಗೀಟು ಕಾಣುತ್ತದೆ. ಒಂದೇ ಸಲ ನೋಡು ತಮ್ಮಾ, ಮೂರು ಸಲ ಬೇಡ.