ಬಾಗಿನದ ಜೊತೆ ಬಂದ ಚೀಲ

ದೀಪಾಂಜಲಿ ನಗರ
24-10-2025, ಶುಕ್ರವಾರ

ಮನೆಯವರಿಗೆ ವರಲಕ್ಷ್ಮಿಯ ನಮಸ್ಕಾರ.

ಊಟ ಸೇರುತ್ತಿದೆಯೇ, ಹೊದೆಯಲು ಏನಾದರೂ ಕೊಟ್ಟಿದ್ದಾರೆಯೇ ಎಂದು ಮೊದಲು ಕೇಳಬೇಕು. ಕೇಳಿದ್ದೇನೆ ಅಂದುಕೊಳ್ಳಿ. ಜೈಲಿಗೆ ಬಂದು ನಿಮ್ಮ ಮುಖ ಕಂಡರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಲಾಯರ್ ಜ್ಯೋತಿಲಕ್ಷ್ಮಿ ಮೇಡಂ ನಾಳೆ ನಿಮ್ಮನ್ನು ಕಾಣಲು ಬರುವಾಗ ತರುತ್ತಾರೆ. ಲಕೋಟೆ ಅಂಟಿಸಿಯೇ ಕೊಡುತ್ತೇನೆ.

ನಿನ್ನೆ ಅವರು ನನ್ನನ್ನು ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ನಮ್ಮ ಅಟ್ಟದಲ್ಲಿ ಸಿಕ್ಕ ಗಾಂಜಾ ಮೂರು ಕೆ.ಜಿ. ಒಂದು ಕೆ.ಜಿ. ಒಳಗಿದ್ದಿದ್ದರೆ ಹೆಚ್ಚೆಂದರೆ ಒಂದು ವರ್ಷ. ಇಪ್ಪತ್ತು ದಾಟಿದ್ದರೆ ಜಾಮೀನಿನ ಆಸೆಯನ್ನೇ ಬಿಡಬೇಕಿತ್ತು. ನಿಮ್ಮದು ನಡುವಿನದು, ಹತ್ತು ವರ್ಷದವರೆಗೂ ಹಾಕಬಹುದಂತೆ. ಹತ್ತು ವರ್ಷ ಅಂದಾಗ ನಾನು ಅವರ ಟೇಬಲ್ಲು ಹಿಡಿದುಕೊಂಡೆ. ಪೊಲೀಸರು ಶೋಧ ಸರಿಯಾಗಿ ಮಾಡಿದರೇ, ಮಹಜರಿಗೆ ಸಹಿ ಹಾಕಿದವರು ನಿಜವಾಗಿ ಅಲ್ಲಿದ್ದರೇ, ಸ್ಯಾಂಪಲ್ಲನ್ನು ಮ್ಯಾಜಿಸ್ಟ್ರೇಟರ ಮುಂದೆ ತೆಗೆದರೇ ಎಂದೆಲ್ಲ ವಾದಕ್ಕೆ ದಾರಿಗಳಿವೆಯಂತೆ. ಚೀಲದಲ್ಲಿ ಏನಿತ್ತೆಂದು ನಿಮಗೆ ಗೊತ್ತೇ ಇರಲಿಲ್ಲ ಎನ್ನುವುದು ಇನ್ನೊಂದು ದಾರಿ. ಆದರೆ ಅದನ್ನು ನಾವೇ ತೋರಿಸಿಕೊಡಬೇಕಂತೆ.

ಆಮೇಲೆ ದನಿ ತಗ್ಗಿಸಿ, "ಗೌರಿ ಹಬ್ಬಕ್ಕೆ ನಿಮ್ಮ ತಮ್ಮ ಆನಂದ್ ಬಾಗಿನದ ಜೊತೆ ಆ ಚೀಲ ತಂದಿಟ್ಟು ಹೋದ್ರು ಅಂತ ನಿಮ್ಮ ಯಜಮಾನ್ರು ಹೇಳ್ತಿದಾರೆ. ನೀವು ನೋಡಿದೀರಂತೆ. ಕೋರ್ಟಲ್ಲಿ ಹೇಳ್ತೀರಾ?" ಎಂದರು. ಯೋಚನೆ ಮಾಡಿ ಹೇಳ್ತೀನಿ ಮೇಡಂ ಎಂದು ಎದ್ದು ಬಂದೆ.

ರೀ, ಈ ಸಲ ನನಗೆ ಬಾಗಿನ ಎಲ್ಲಿ ಬಂತು? ಹಬ್ಬಕ್ಕೆ ಮೂರು ದಿನ ಇರುವಾಗ ನಮ್ಮ ಅಂಜಿನಯ್ಯ ದೊಡ್ಡಪ್ಪ ತೀರಿಕೊಂಡರು. ಸೂತಕದ ಮನೆಯಿಂದ ಯಾರಾದರೂ ಅರಿಶಿನ ಕುಂಕುಮ ಹೊರಡಿಸುತ್ತಾರೆಯೇ? ಮಕ್ಕಳಿಲ್ಲದ ಅವರಿಗೆ ಕರ್ಮ ಮಾಡಿದವನು ಆನಂದ. ತಲೆ ಬೋಳಿಸಿಕೊಂಡು, ಹನ್ನೊಂದನೆಯ ದಿನದ ತಿಥಿ ಮುಗಿಯುವವರೆಗೂ ನಮ್ಮ ತವರು ಮಲ್ಲತ್ತಹಳ್ಳಿ ಬಿಟ್ಟು ಕದಲಲಿಲ್ಲ. ಇಡೀ ಬೀದಿಗೆ ಗೊತ್ತು. ನಿಮಗೆ ಮಾತ್ರ ನೆನಪಿಲ್ಲ, ಯಾಕೆಂದರೆ ನೀವು ಅಲ್ಲಿರಲಿಲ್ಲ. ಟೆಂಪೊ ತೆಗೆದುಕೊಂಡು ಆಂಧ್ರದ ಕಡೆ ಬಾಡಿಗೆ ಅಂದಿರಿ. ಸಾವಿನ ಸುದ್ದಿ ಹೇಳಲು ಎಷ್ಟು ಸಲ ಮಾಡಿದರೂ ಫೋನು ಆಫ್. ಹಬ್ಬ ಕಳೆದು ಬಂದ ಮೇಲೆ ಹೇಳಿದರೆ "ಹೂಂ" ಅಂದಿರಿ, ತಿಥಿಗೆ ಮೈ ಸರಿಯಿಲ್ಲ ಅಂದಿರಿ. ಏನು ಹೊತ್ತು ತಂದಿದ್ದಿರಿ ಆ ಬಾಡಿಗೆಯಲ್ಲಿ?

ಆಯುಧಪೂಜೆಗೆ ಹಿತ್ತಾಳೆ ಪಾತ್ರೆ ಇಳಿಸೋಣವೆಂದು ಸ್ಟೂಲು ಹತ್ತಿದರೆ, "ಇಳಿಯೇ, ಅಟ್ಟದ ತುಂಬ ಹಲ್ಲಿ ಇದಾವೆ" ಎಂದು ಗದರಿದಿರಿ. ಹಲ್ಲಿಗೆ ಹೆದರುವವಳೇ ನಾನು? ಆದರೂ ನಕ್ಕು ಇಳಿದೆ. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬಿದ್ದವಳು. ಪೊಲೀಸರು ಒಳಗೆ ಕಾಲಿಟ್ಟಾಗ, ಅವರು ಏನೂ ಕೇಳುವ ಮೊದಲೇ ನೀವು ಅಟ್ಟ ನೋಡಿದಿರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ಹೊತ್ತಿನಲ್ಲಿ ನಿಮ್ಮನ್ನೇ ನೋಡುತ್ತಿದ್ದೆ.

ನನಗೆ ಸಿಟ್ಟಿದೆ, ಭಯವೂ ಇದೆ. ನೀವು ಮನೆಗೆ ಬರಬೇಕೆಂಬ ಆಸೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಹಾಗೆಂದು ನಿಮ್ಮನ್ನು ಬಿಡಿಸಿಕೊಳ್ಳಲು ನನ್ನ ತಮ್ಮನನ್ನು ಒಳಗೆ ಕಳಿಸಲಾರೆ. ಶೋಧವೋ, ಸಾಕ್ಷಿಯೋ, ಕಾನೂನಿನಲ್ಲಿ ಇರುವ ಯಾವ ದಾರಿಯಲ್ಲಾದರೂ ಮೇಡಂ ವಾದ ಮಾಡಲಿ. ಚೀಲ ಕೊಟ್ಟವರು ಯಾರೆಂದು ಅವರ ಹತ್ತಿರವಾದರೂ ನಿಜ ಹೇಳಿ. ಬಾಗಿನದ ಮಾತು ವಾಪಸು ತೆಗೆದುಕೊಳ್ಳಿ.

ನಿಮ್ಮ
ವರಲಕ್ಷ್ಮಿ

ತಾ.ಕ.: ಸೋಮವಾರ ಜಾಮೀನು ಸಿಕ್ಕರೆ ನಿಮಗೆ ಶ್ಯೂರಿಟಿ ನಿಲ್ಲುವವನು ಆನಂದನೇ. ಮನೆ ಪತ್ರ ಆಗಲೇ ತೆಗೆದಿಟ್ಟಿದ್ದಾನೆ. "ಭಾವ ಅಂಥೋರಲ್ಲ ಕಣಕ್ಕ, ಯಾರೋ ಸಿಕ್ಕಿಸಿದಾರೆ" ಎಂದು ನನಗೇ ಸಮಾಧಾನ ಹೇಳುತ್ತಾನೆ. ನೀವು ಅವನ ಹೆಸರು ಹೇಳಿರುವುದು ಅವನಿಗಿನ್ನೂ ತಿಳಿಯದು. ನಾಳೆ ಮೇಡಂ ಅಲ್ಲಿಂದ ಎದ್ದು ಹೊರಡುವುದರೊಳಗೆ ನೀವು ಮಾತು ತಿದ್ದಿಕೊಳ್ಳದಿದ್ದರೆ, ಅವನು ಸಹಿ ಹಾಕುವ ಮೊದಲು ನಾನೇ ಅವನಿಗೆ ಹೇಳುತ್ತೇನೆ.