ಲಿಸ್ಬನ್ ಬೀದಿಯಲ್ಲಿ ಒಂದು ಕಲ್ಲು

ಸರಟೋಗಾ, ಕ್ಯಾಲಿಫೋರ್ನಿಯಾ
೧೯ ಮೇ ೨೦೨೪

ಗೆಳೆಯ ಕುಬೇರಪ್ಪನಿಗೆ ಅಡಿವೆಪ್ಪನ ಶರಣು.

ನೀನೂ ಈರವ್ವನೂ ಕ್ಷೇಮವಾಗಿದ್ದೀರಿ, ಕರೆಂಟು ಇದ್ದಾಗಲೆಲ್ಲ ನಿನ್ನ ಹಿಟ್ಟಿನ ಗಿರಣಿ ತಿರುಗುತ್ತಿದೆ ಎಂದುಕೊಂಡಿದ್ದೇನೆ. ಯುಗಾದಿಗೆ ನೀನು ಮಗಳ ಕೈಯಲ್ಲಿ ಬರೆಸಿದ ಕಾಗದಕ್ಕೆ ಈಗ ಉತ್ತರ ಕೊಡುತ್ತಿದ್ದೇನೆ, ಬಯ್ಯಬೇಡ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಕಾಗದದಲ್ಲಿ ನಡುವೆ ಬಾಯಿ ಹಾಕಲು ನಿನಗೆ ದಾರಿಯಿಲ್ಲ, ಅದೇ ಇದರ ಸುಖ.

ಅಕ್ಷರ ಇಷ್ಟು ಚಂದ ಹೇಗಾಯಿತು ಎಂದು ಯೋಚಿಸಬೇಡ. ಹೇಳುವವನು ನಾನು, ಬರೆಯುವವಳು ನಿವೇದಿತಾ, ನನ್ನ ತಮ್ಮನ ಮಗ ಶಶಿಧರನ ಹೆಂಡತಿ. ನನ್ನ ಏಳನೇ ಇಯತ್ತೆಯ ಮಾತನ್ನು ಪುಸ್ತಕದ ಮಾತು ಮಾಡಿ ಬರೆಯುತ್ತಾಳೆ. ಸಂಕ್ರಾಂತಿಯಿಂದ ನನ್ನ ಬಲಗೈ ನಡುಗುತ್ತಿದೆ. ಚಹಾದ ಕಪ್ಪು ಎತ್ತಿದರೆ ಅರ್ಧ ನನ್ನ ಅಂಗಿಗೆ. ಡಾಕ್ಟರು ಪರೀಕ್ಷೆ ಮಾಡಿ, ಇದು ನರದ್ದು, ನಿಲ್ಲುವುದಿಲ್ಲ, ಕಲ್ಲು ಕಡಿಯುವ ಸುತ್ತಿಗೆ ಚಾಣ ಬಿಡಬೇಕು ಎಂದುಬಿಟ್ಟರು. ಶಶಿಧರ ಅದೇ ದಿನ ನನ್ನ ಸಾಮಾನನ್ನೆಲ್ಲ ಡಬ್ಬಿಗೆ ತುಂಬಿ ಗ್ಯಾರೇಜಿನ ಮೇಲಿನ ಹಲಗೆಗೆ ಏರಿಸಿದ.

"ದೊಡ್ಡಪ್ಪಾ, ಅಮೆರಿಕಾಕ್ಕ ಬಂದು ಇಪ್ಪತ್ತೆರಡು ವರ್ಷ ದುಡದೀರಿ. ಇನ್ನ ಸಾಕು. ಆರಾಮ್ ವಾಕಿಂಗ್ ಮಾಡ್ರಿ."

"ವಾಕಿಂಗ್ ನಾಯಿ ಇದ್ದವರು ಮಾಡ್ತಾರೋ," ಎಂದೆ.

ಸರಟೋಗಾದ ಗುಡ್ಡದ ಮೇಲೆ ಎಷ್ಟು ಜೋರು ಮಳೆ ಬಿದ್ದರೂ ಒಂದು ಬೆರಳಷ್ಟೂ ಜಾರದ ಕಲ್ಲಿನ ಗೋಡೆ ಇದ್ದರೆ ಅದು ಈ ಅಡಿವೆಪ್ಪನದು. ಪಕ್ಕದ ಲಾಸ್ ಗ್ಯಾಟೋಸಿನಲ್ಲಿ ನಾನು ಕೂಡಿಸಿದ ಮೆಟ್ಟಿಲು ನೋಡಿ ಒಬ್ಬ ದೊಡ್ಡ ಕಂಪನಿಯ ಸಾಹೇಬ ಬೂಟು ಕಳಚಿ ಹತ್ತಿದ. ಸುಳ್ಳೆನಿಸಿದರೆ ಬಂದು ಕೇಳು. ಅಂಥವನನ್ನು ಹಲಗೆಗೇರಿಸಿದ ಮೇಲೆ ಶಶಿಧರನಿಗೇ ಕೆಟ್ಟದೆನಿಸಿರಬೇಕು. "ಎಲ್ಲೆರೆ ಟೂರ್ ಹೋಗಿ ಬರೋಣು, ಊರು ನೀವೇ ಹೇಳ್ರಿ," ಎಂದ. ನಾನು ತಟ್ಟನೆ ಲಿಸ್ಬನ್ ಎಂದೆ.

ಯಾಕೆ ಗೊತ್ತೇ? ಅದು ಪೋರ್ಚುಗಲ್ಲಿನ ರಾಜಧಾನಿ, ಬಹಳ ಹಳೆಯ ಊರು. ಅಲ್ಲಿನ ಬೀದಿಗಳ ಅಂಚಿಗೆಲ್ಲ ಮುಷ್ಟಿಗಾತ್ರದ ಬಿಳಿ ಕಲ್ಲು, ಕರಿ ಕಲ್ಲು ಒಂದೊಂದಾಗಿ ಕೈಯಿಂದ ಕೂಡಿಸಿದ್ದಾರೆ. ಈಗಲೂ ಅದೇ ಕೆಲಸ ಮಾಡುವವರಿದ್ದಾರೆ. ವಿಡಿಯೋದಲ್ಲಿ ನೋಡಿದಂದೇ ಗಟ್ಟಿ ಮಾಡಿಕೊಂಡಿದ್ದೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಹೋಳಿಗೆ ಹಿಡಿದು ನಿಂತು ನೂರು ಜನರ ಮುಂದೆ ಹೇಳಿಯೂ ಬಿಟ್ಟೆ: ಆ ಊರಿನ ಬೀದಿಯಲ್ಲಿ ಒಂದು ಕಲ್ಲಾದರೂ ಈ ಕೈಯಿಂದ ಕೂಡಿಸಿಯೇ ಬರುತ್ತೇನೆ, ಅದಾಗದಿದ್ದರೆ ಆ ಡಬ್ಬಿಯನ್ನು ನಾನಾಗಿ ಯಾರಿಗಾದರೂ ಕೊಟ್ಟುಬಿಡುತ್ತೇನೆ. ಶಶಿಧರ ತಲೆ ತಗ್ಗಿಸಿ ಕೋಸಂಬರಿ ತಿನ್ನುತ್ತಿದ್ದ.

ಏಪ್ರಿಲ್ ಕೊನೆಯ ವಾರ ಹೋದೆವು. ಊರು ಎಂದರೆ ಬರೀ ಏರು, ಬರೀ ಇಳಿಜಾರು. ಹಳದಿ ಟ್ರಾಮು ಮನೆಗಳ ಗೋಡೆ ಸವರಿಕೊಂಡು ಹೋಗುತ್ತದೆ, ಕಿಟಕಿಯಲ್ಲಿ ಒಣಹಾಕಿದ ಅಂಗಿ ಕೈಚಾಚಿ ಎಳೆದುಕೊಳ್ಳಬಹುದು. ಓಣಿ ಓಣಿಯಲ್ಲೂ ಮೀನು ಸುಡುವ ವಾಸನೆ. ನಾನು ಒಣ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋದದ್ದರಿಂದ ಬದುಕಿದೆ. ನದಿಯ ದಂಡೆಗೆ ನಿಲ್ಲಿಸಿ, "ಮಾವಾರ, ಗೋವಾಕ್ಕ ಬಂದ ಹಡಗು ಇಲ್ಲಿಂದನ ಹೊಂಟಿದ್ವಂತ," ಎಂದಳು ನಿವೇದಿತಾ. ಅವರು ನಮ್ಮಲ್ಲಿಗೆ ಆಳಲು ಬಂದರು, ನಾನು ಅವರಲ್ಲಿಗೆ ಕೆಲಸ ಮಾಡಲು ಹೋದೆ, ಹೆಚ್ಚಿನವರು ಯಾರು ನೀನೇ ಹೇಳು. ಕೋಟೆ ತೋರಿಸಿದರು, ಚರ್ಚು ತೋರಿಸಿದರು. ನಾನು ಒಂದನ್ನೂ ತಲೆಯೆತ್ತಿ ನೋಡಲಿಲ್ಲ. ನಾಲ್ಕು ದಿನ ನೆಲ ನೋಡಿಕೊಂಡು ನಡೆದೆ. ಕಪ್ಪು ಅಲೆ, ಬಿಳಿ ಅಲೆ, ಹಡಗು, ಬಳ್ಳಿ. ಸಂದಿನಲ್ಲಿ ಬ್ಲೇಡು ತೂರುವುದಿಲ್ಲ.

ಐದನೆಯ ದಿನ, ಅದೇ ಕೊನೆಯ ದಿನ, ಒಂದು ಏರು ಓಣಿಯಲ್ಲಿ ಸಿಕ್ಕರು. ಮೂವರು ಕುಕ್ಕರಗಾಲಲ್ಲಿ ಕೂತು ಕಲ್ಲು ಕೂಡಿಸುತ್ತಿದ್ದರು. ಒಬ್ಬ ನಮ್ಮ ವಯಸ್ಸಿನವನು, ಹೆಸರು ಜೋಕಿಂ ಅಂತೆ, ನಾನು ಜೋಕಿಮಪ್ಪ ಮಾಡಿದೆ. ಎಡಗೈಯಲ್ಲಿ ಕಲ್ಲು ಹಿಡಿದು, ಬಲಗೈಯಲ್ಲಿ ಸಣ್ಣ ಸುತ್ತಿಗೆಯಿಂದ ಎರಡೇ ಏಟಿಗೆ ಅಂಚು ತೆಗೆಯುತ್ತಿದ್ದ. ನಾನು ಎದುರಿಗೆ ಹೋಗಿ ಕೂತೆ. ಕೇಳುವುದು ಆಮೇಲೆ, ಮೊದಲು ಪದ್ಧತಿ ಆಗಬೇಕಲ್ಲ. ಹೊಸ ಊರಲ್ಲಿ ಮೊದಲ ಕಲ್ಲು ಮುಟ್ಟುವ ಮುಂಚೆ ಕಾಯಿ ಒಡೆಯದೆ ನಾವು ಎಂದಾದರೂ ಕೆಲಸ ಹಿಡಿದಿದ್ದೇವೆಯೇ? ಮೊದಲ ದಿನವೇ ಅಂಗಡಿಯಲ್ಲಿ ಕೊಂಡ ತೆಂಗಿನಕಾಯಿ ಚೀಲದಲ್ಲೇ ಇತ್ತು. ಒಂದು ಕಲ್ಲಿಗೆ ವಿಭೂತಿ ಹಚ್ಚಿದೆ, ಕೈ ಮುಗಿದೆ, ಅಂಚಿನ ಕಲ್ಲಿಗೆ ಕಾಯಿ ಕುಟ್ಟಿದೆ.

ಒಡೆಯಿತು. ಚಂದವಾಗಿ ಎರಡು ಹೋಳಾಯಿತು. ಆದರೆ ನೀರೆಲ್ಲ ಅವರು ಮಟ್ಟ ಮಾಡಿಟ್ಟ ಒಣ ಮರಳು ಸಿಮೆಂಟಿನ ಮೇಲೆ ಸುರಿಯಿತು. ಒಣಗಿರಬೇಕಾದ ಹಾಸು ಕೆಸರಾಯಿತು. ನನ್ನ ಜೀವಮಾನದಲ್ಲಿ ಬೇರೆಯವರ ಕೆಲಸ ಕೆಡಿಸಿದ್ದು ಇದೊಂದೇ ಸಲ. ಅವರ ಮೇಸ್ತ್ರಿ, ಹರೆಯದವನು, ಕೂಗಾಡುತ್ತ ಬಂದ. ಟೂರಿಸ್ಟುಗಳು ವಿಡಿಯೋ ತೆಗೆಯಲು ಫೋನು ಎತ್ತಿ ಹಿಡಿದರು. ನಿವೇದಿತಾ "ಸಾರಿ, ಸಾರಿ" ಎಂದು ಕಂಡ ಕಂಡವರಿಗೆಲ್ಲ ಹೇಳುತ್ತಿದ್ದಳು. ಶಶಿಧರ ನನ್ನ ರಟ್ಟೆ ಹಿಡಿದ.

"ಏಳ್ರಿ ದೊಡ್ಡಪ್ಪಾ, ಪೊಲೀಸರು ಬರ್ತಾರ."

"ಬರ್ಲಿ. ಅವರಿಗೂ ಒಂದೊಂದು ಹೋಳು ಕೊಡೋಣು."

ಜೋಕಿಮಪ್ಪ ಕೂಗಲಿಲ್ಲ. ಕಾಯಿ ನೋಡಿದ, ಕಲ್ಲಿನ ಮೇಲಿನ ವಿಭೂತಿ ನೋಡಿದ, ಜಡ್ಡುಗಟ್ಟಿದ ನನ್ನ ಬೆರಳು ಮುಟ್ಟಿ ನೋಡಿದ. ತೊಯ್ದ ಮರಳನ್ನು ಬೊಗಸೆಯಲ್ಲಿ ತೆಗೆದು ಹಾಕಿ ಒಣ ಮರಳು ತುಂಬಿದ. ಆಮೇಲೆ ತನ್ನ ಸುತ್ತಿಗೆ ನನ್ನ ಕಡೆಗೆ ಚಾಚಿ ಏನೋ ಹೇಳಿದ. ನಿವೇದಿತಾ ಅದನ್ನು ಫೋನಿಗೆ ಕೇಳಿಸಿ, ಫೋನು ಮಾಡಿಕೊಟ್ಟ ಅನುವಾದ ತಿಳಿಸಿದಳು: "ಕೆಡಿಸಿದವರು ನೀವು, ಸರಿ ಮಾಡೋರೂ ನೀವೇ ಅಂತ ಮಾವಾರ."

ಮೂರು ಏಟು, ಕುಬೇರಪ್ಪಾ. ಮೂರೇ ಏಟಿಗೆ ಕಲ್ಲು ನಮ್ಮೂರ ಹೆಣ್ಣುಮಗಳು ತವರಿಗೆ ಬಂದ ಹಾಗೆ ತನ್ನ ಜಾಗದಲ್ಲಿ ಹೋಗಿ ಕೂತಿತು. ಇಲ್ಲಿ ನಿವೇದಿತಾ ಪೆನ್ನು ನಿಲ್ಲಿಸಿ, "ಮಾವಾರ, ಹಂಗ ಆಗಿಲ್ಲಲ್ರಿ," ಎನ್ನುತ್ತಿದ್ದಾಳೆ. "ನಾ ಹೇಳಿದಷ್ಟು ಬರಿಯವ್ವಾ," ಎಂದಿದ್ದೇನೆ. ಜೋಕಿಮಪ್ಪ ಕೊಬ್ಬರಿ ತಿಂದ, ಮೇಸ್ತ್ರಿಗೂ ತಿನ್ನಿಸಿದ. ಶಶಿಧರ ಫೋಟೋ ತೆಗೆದ. ಇದರೊಳಗೆ ಇಟ್ಟಿದ್ದೇನೆ. ಸುತ್ತಿಗೆ ಹಿಡಿದವನು ನಾನೇ, ಟೋಪಿ ನೋಡಿ ಬೇರೆ ಯಾರೋ ಎನ್ನಬೇಡ.

ಬಂದ ಮೇಲೆ ಡಬ್ಬಿ ಕೆಳಗಿಳಿದಿದೆ. ಹಿತ್ತಿಲಲ್ಲಿ ಎಡಗೈಯಿಂದ ಕಲಿಯುತ್ತಿದ್ದೇನೆ. ಹೆಬ್ಬೆರಳು ಎರಡು ಸಲ ಜಜ್ಜಿಕೊಂಡೆ. ಅರವತ್ತೆಂಟಕ್ಕೆ ಒಂದನೇ ಇಯತ್ತೆಗೆ ಹೆಸರು ಹಚ್ಚಿದ್ದೇನೆ, ಪಾಸಾಗದೆ ಬಿಡುವವನಲ್ಲ.

ಈರವ್ವನಿಗೆ ನನ್ನ ಶರಣು ಹೇಳು. ನಿನ್ನ ಮೊಮ್ಮಕ್ಕಳು ನೂರು ವರ್ಷ ಬಾಳಲಿ, ಅವರ ಕೈಕಾಲು ಗಟ್ಟಿಯಾಗಿರಲಿ.

ನಿನ್ನ
ಅಡಿವೆಪ್ಪ

ತಾ.ಕ.: ನಿವೇದಿತಾ ಗ್ರೋಸರಿಗೆ ಹೋಗಿದ್ದಾಳೆ. ಇದು ನಾನೇ, ಅವಳ ಪುಸ್ತಕದ ಮಾತನ್ನೇ ಹಿಡಿದು ಬರೆಯುತ್ತಿರುವುದು. ಗೆರೆ ಎಲ್ಲೆಲ್ಲಿಗೋ ಹೋಗುತ್ತದೆ, ತಾಳ್ಮೆಯಿಂದ ಓದು. ಮಗಳಿಗೆ ಕೊಡಬೇಡ, ನೀನೇ ಓದು.

ಮೂರು ಏಟು ಸುಳ್ಳು. ಮೊದಲ ಕಲ್ಲು ಕೈಯಲ್ಲೇ ಒಡೆಯಿತು. ಎರಡನೆಯದರ ಮೂಲೆ ಹಾರಿತು. ಜನ ನಕ್ಕರು. ಜೋಕಿಮಪ್ಪ ನನ್ನ ಕೈಯಿಂದ ಸುತ್ತಿಗೆ ಕಿತ್ತುಕೊಳ್ಳಲಿಲ್ಲ. ಮಣಿಕಟ್ಟಿನ ಕೆಳಗೆ ತನ್ನ ಕೈ ಕೊಟ್ಟು, ನನ್ನ ನಡುಕ ನಿಲ್ಲುವ ತನಕ ಹಾಗೇ ಹಿಡಿದು ಕೂತ. ಆಮೇಲೆ ಇಬ್ಬರೂ ಸೇರಿ ಹೊಡೆದೆವು. ಆಗ ನೀನು ನೆನಪಾದೆ. ಅಂದಿನಿಂದ ನಿದ್ದೆ ಸರಿಯಿಲ್ಲ.

ನಾನು ಇಲ್ಲಿಗೆ ಬರುವ ಮುಂಚೆ, ನಾವಿಬ್ಬರೂ ನಮ್ಮೂರ ಮಠದ ಅಂಗಳಕ್ಕೆ ಫರಸಿ ಕಲ್ಲು ಹಾಸುವಾಗ ನಿನ್ನ ಬೆರಳಿಗೆ ಜೋಮು ಹಿಡಿಯುತ್ತಿತ್ತು. ಕಂತ್ರಾಟುದಾರ ದೇವೇಂದ್ರಪ್ಪ ನಿನ್ನನ್ನು ಕೆಲಸದಿಂದ ಬಿಡಿಸಿದ. ಅಂದು ಸಂಜೆ ನಾನು ನಿನ್ನ ಕಟ್ಟೆಯ ಮೇಲೆ ಕೂತು ಅವನನ್ನು ಬಾಯಿಗೆ ಬಂದಂತೆ ಬಯ್ದೆ. ನೀನು ನನಗೆ ಸಮಾಧಾನ ಹೇಳಿದೆ. ಹಿಂದಿನ ದಿನ ಅವನ ಹತ್ತಿರ ಹೋಗಿ, ಕುಬೇರಪ್ಪನ ಕೈ ಹೋಗಿದೆ, ಅವನು ಕೂಡಿಸಿದ ನಾಲ್ಕು ಕಲ್ಲು ನಾನು ಕಿತ್ತು ಸರಿ ಮಾಡಬೇಕಾಯಿತು ಎಂದು ಹೇಳಿದವನು ನಾನೇ. ಮೇಸ್ತ್ರಿಕೆ ನಮ್ಮಿಬ್ಬರಲ್ಲಿ ಒಬ್ಬರಿಗೆ ಎಂದು ಅವನು ಹೇಳಿದ್ದ. ನನಗೆ ಬೇಕಾಗಿತ್ತು.

ನಾನು ಯಾವ ಕಲ್ಲನ್ನೂ ಕಿತ್ತಿರಲಿಲ್ಲ. ನಾಲ್ಕಕ್ಕೂ ಮಟ್ಟಗೋಲು ಇಟ್ಟು ನೋಡಿದ್ದೆ. ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಂತಿತ್ತು, ಒಂದು ಕಲ್ಲೂ ಸೊಟ್ಟಗಿರಲಿಲ್ಲ.

ನೀನು ಆಮೇಲೆ ಚಾಣ ಮುಟ್ಟಲಿಲ್ಲ.

ನವೆಂಬರ್ ಎಂಟಕ್ಕೆ ಊರಿಗೆ ಬರುತ್ತಿದ್ದೇನೆ. ಮೊದಲು ನಿನ್ನ ಗಿರಣಿಗೆ. ಒಳಗೆ ಕರೆಯದಿದ್ದರೆ ಹೊರಗೇ ನಿಲ್ಲುತ್ತೇನೆ. ಆಮೇಲೆ ಮಠಕ್ಕೆ ಹೋಗಿ, ದೇವೇಂದ್ರಪ್ಪನನ್ನೂ ಕರೆಸಿ, ಆ ನಾಲ್ಕು ಕಲ್ಲಿನ ಮೇಲೆ ನಿಂತು ಎಲ್ಲರ ಎದುರಿಗೆ ಹೇಳುತ್ತೇನೆ. ಹೇಳುವಾಗ ನೀನು ಅಲ್ಲಿರಬೇಕು.